ಹೊಲಾ ಮನಿ ಮಾಡ್ಕೊಂಡಾಕಿ

ಹುರಿದ ಎಳ್ಳಿನ ವಾಸನೆ ಬಂದರೆ ಈಗ ನಾನು ಅಲ್ಲಿ ನಿಲ್ಲಲಾರೆ. ಮೊನ್ನೆ ಲಕ್ಷ್ಮೇಶ್ವರದ ಸಂತೆಯಲ್ಲಿ ಯಾರೋ ಸಂಕ್ರಾಂತಿಗೆಂದು ಬಾಣಲೆಯಲ್ಲಿ ಎಳ್ಳು ಹುರಿಯುತ್ತಿದ್ದರು. ಬದನೆಕಾಯಿ ಆರಿಸುತ್ತಿದ್ದ ನಾನು ಚೀಲವನ್ನು ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟೆ. ನಮ್ಮ ಮನೆಯವರು ಚೀಲ ಎತ್ತಿಕೊಂಡು ಹಿಂದೆ ಓಡಿ ಬಂದು, "ಏನಾತ ನಿನಗ, ವಾಂತಿ ಬಂತೇನು?" ಎಂದರು. ಈ ವಯಸ್ಸಿನಲ್ಲಿ ವಾಂತಿ ಅಂದರೆ ಮಂದಿ ಏನೇನೋ ತಿಳಿದುಕೊಂಡಾರು ಎಂದು ಅವರನ್ನೇ ಬೈದೆ. ಬೈದು ಮುಗಿಸುವಷ್ಟರಲ್ಲಿ ಅಳು ಬಂತು.

ಗದಗಿನಿಂದ ಕಳಸಾಪುರಕ್ಕೆ ಹೋಗುವ ರಸ್ತೆಯಲ್ಲಿ ಎಳ್ಳಿನ ಕಾರ್ಖಾನೆಯೊಂದಿತ್ತು. ಮುಂಡರಗಿ, ಶಿರಹಟ್ಟಿ ಕಡೆಯ ಕೆಂಪು ಮಸಾರಿ ಹೊಲಗಳ ಎಳ್ಳು ತಂದು, ತೊಳೆದು, ಸಿಪ್ಪೆ ಬಿಡಿಸಿ, ಹದವಾಗಿ ಹುರಿದು, ನುಣ್ಣಗೆ ರುಬ್ಬಿ ಡಬ್ಬಿಗೆ ತುಂಬುವ ಕೆಲಸ. ಹೊರದೇಶಗಳಲ್ಲಿ ಅದಕ್ಕೆ ತಹಿನಿ ಅನ್ನುತ್ತಾರೆ; ನಮ್ಮ ಹೆಣ್ಣಾಳುಗಳ ಬಾಯಲ್ಲಿ ಅದು ಎಳ್ಳಬೆಣ್ಣಿ. ನಾನು ಅಲ್ಲಿ ಆಫೀಸು ನೋಡಿಕೊಳ್ಳುತ್ತಿದ್ದೆ. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ, ಇಂಗ್ಲಿಷ್ ತಗೊಂಡು ಬಿ.ಎ. ಮಾಡಿ, ಆ ಇಂಗ್ಲಿಷನ್ನು ಎಲ್ಲಿ ಖರ್ಚು ಮಾಡಬೇಕೆಂದು ತಿಳಿಯದೆ ವರ್ಷಗಟ್ಟಲೆ ಮನೆಯಲ್ಲಿ ಕೂತಿದ್ದವಳಿಗೆ ಸಿಕ್ಕ ಕೆಲಸ. ಒಡತಿಯ ಮಾತನ್ನು ಊರಿಗೆ, ಊರಿನ ಮಾತನ್ನು ಒಡತಿಗೆ ದಾಟಿಸುವುದೇ ನನ್ನ ಮುಖ್ಯ ಉದ್ಯೋಗವಾಗಿತ್ತು.

ಒಡತಿ ನಾದಿಯಾ ಮೇಡಂ. ಲೆಬನಾನ್ ದೇಶದವರು, ಐವತ್ತು ದಾಟಿದವರು. ಅವರ ಗಂಡ ಎಳ್ಳಿನ ವ್ಯಾಪಾರಿ. ನಮ್ಮ ಕಡೆಯ ಎಳ್ಳು ಎಷ್ಟೋ ವರ್ಷ ಅವರ ಗೋದಾಮಿಗೆ ಹೋಗಿದೆ. ಗಂಡ ತೀರಿಕೊಂಡರು. ಆಮೇಲೆ ಆ ದೇಶದ ಬ್ಯಾಂಕುಗಳು ಬಾಗಿಲು ಹಾಕಿಕೊಂಡು ಕೂತವು. ಇಟ್ಟ ದುಡ್ಡು ಒಳಗೆ, ಇಟ್ಟವರು ಹೊರಗೆ. ಮಕ್ಕಳಿರಲಿಲ್ಲ. ಉಳಿದಿದ್ದ ಒಂದು ಮನೆಯನ್ನು ಮಾರಿ, ಎಳ್ಳು ಎಲ್ಲಿಂದ ಬರುತ್ತಿತ್ತೋ ಅಲ್ಲಿಗೇ ಬಂದುಬಿಟ್ಟರು. "ಚೀಲದ ಮೇಲೆ ಗದಗ ಅಂತ ಬರೆದಿರುತ್ತಿತ್ತು. ಅದು ಊರೋ, ಯಾರಾದರೂ ಮನುಷ್ಯನ ಹೆಸರೋ ನನಗೆ ಗೊತ್ತಿರಲಿಲ್ಲ" ಎಂದು ಒಮ್ಮೆ ನಗುತ್ತಾ ಹೇಳಿದ್ದರು. ತಿರುಗಿ ಹೋಗೋಣವೆಂದರೆ ಅಲ್ಲಿ ಅವರಿಗೆ ಒಂದು ಕೋಣೆಯೂ ಉಳಿದಿರಲಿಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಕಚೇರಿಗಳಲ್ಲಿ ಯಾರೂ ಇಟ್ಟುಕೊಳ್ಳಲಿಲ್ಲ.

ಕಾರ್ಖಾನೆಗೆ ಹತ್ತಿರವಾಗಲೆಂದು ಅವರು ಕಳಸಾಪುರದಲ್ಲಿ ಫಕ್ಕೀರಪ್ಪ ಕಾಕಾನ ಮನೆಯ ಮಾಳಿಗೆಯನ್ನು ಬಾಡಿಗೆಗೆ ಹಿಡಿದಿದ್ದರು. ಕಾಕಾನದು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳಿಂದ ತುಂಬಿದ ಮನೆ. ಅವನ ಹೆಂಡತಿ ಚನ್ನವ್ವನಿಗೆ ನಾದಿಯಾ ಎಂಬ ಹೆಸರು ನಾಲಗೆಗೆ ಹೊರಳಲಿಲ್ಲ. ಕೆಲವೇ ದಿನದಲ್ಲಿ ಅದು ನಾದವ್ವ ಆಯಿತು. ಓಣಿಯವರಿಗೆ ಹೆಸರು ಸಾಲದು, ಜಾತಿಯೂ ಬೇಕು. "ಇವರು ಯಾ ಪೈಕಿ ಬರ್ತಾರ್ರಿ?" ಎಂದು ಕೇಳಿದಾಗ ನನಗೆ ಸಿಟ್ಟು ಬಂದು, "ಎಳ್ಳಿನ ಪೈಕಿ" ಅಂದುಬಿಟ್ಟೆ. ಅವರು ಅದನ್ನು ಕಟ್ಟೆಯ ಮೇಲೆ ಕೂತು ವಿಚಾರ ಮಾಡಿ, "ಹಂಗಾರ ಅವರ ದೇಶದಾಗ ಗಾಣಗೇರ ಮಂದಿ ಇರಬೇಕು, ತಗೋ" ಎಂದು ತೀರ್ಮಾನಿಸಿದರು. ಅಲ್ಲಿಂದ ಮುಂದೆ ಆ ಪ್ರಶ್ನೆ ಏಳಲಿಲ್ಲ. ಮೇಡಂ ರೊಟ್ಟಿ ಬಡಿಯಲು ಕಲಿಯಲಿಲ್ಲ, ಆದರೆ ಪುಂಡಿಪಲ್ಯ ಉಣ್ಣಲು ಕಲಿತರು. ಕನ್ನಡವನ್ನೂ ಚನ್ನವ್ವನ ಅಡಿಗೆಮನೆಯಲ್ಲೇ ಕಲಿತರು. ಹಾಗಾಗಿ ಅವರ ಬಾಯಲ್ಲಿ ಬರುತ್ತಿದ್ದುದು ಅಪ್ಪಟ ಕಳಸಾಪುರದ ಕನ್ನಡ. ಡೆಪ್ಯುಟಿ ಕಮಿಷನರ್ ಕಚೇರಿಯ ಗುಮಾಸ್ತರಿಗೂ "ಕುಂಡ್ರಿ, ನೀರ ಕುಡೀರಿ" ಅಂದವರು.

ಅವರು ಇಲ್ಲಿದ್ದದ್ದು ವ್ಯಾಪಾರದ ವೀಸಾದ ಮೇಲೆ. ಅದನ್ನು ಆಗಾಗ ಹೊಸದು ಮಾಡಿಸುತ್ತಿರಬೇಕು. ಬಂಡವಾಳ ಹಾಕಿ, ಇಲ್ಲಿಯ ಮಂದಿಗೆ ಕೆಲಸ ಕೊಟ್ಟ ಹೊರದೇಶದವರಿಗೆ ಇಲ್ಲೇ ನೆಲೆಯಾಗಿ ಇರಲು ಬೇರೊಂದು ಪರವಾನಗಿ ಇದೆ. ಮೇಡಂ ಅದಕ್ಕೆ ಅರ್ಜಿ ಹಾಕಿದ್ದರು. ಅದು ಕೈಗೆ ಬಂದರೆ ಮುಂದೆ ಎಂದಾದರೂ ಪೌರತ್ವವನ್ನೂ ಕೇಳಬಹುದು ಎಂಬ ಆಸೆ ಅವರಿಗೆ. ಅರ್ಜಿ ಮುಂದೆ ಸರಿಯುತ್ತಿದೆ ಎನ್ನುವಾಗಲೇ ಹೊರದೇಶದವರ ಕಾಯಿದೆ ಬದಲಾಯಿತು. ಹಳೆಯವನ್ನು ತೆಗೆದು ಹೊಸದು ತಂದರು. ಅದು ಬೇಕಿತ್ತೋ ಬೇಡವಾಗಿತ್ತೋ ಹೇಳಲು ನಾನು ಯಾರೂ ಅಲ್ಲ. ಗಡಿ ಕಾಯುವವರಿಗೆ ಅವರದೇ ಚಿಂತೆಗಳಿರುತ್ತವೆ. ನಮಗೆ ತಟ್ಟಿದ್ದು ಇಷ್ಟು: ಕಾಗದಗಳನ್ನು ಮೊದಲಿನಿಂದ ಕೊಡಬೇಕು, ಇರುವ ಊರಿನಲ್ಲಿ ಮತ್ತೊಮ್ಮೆ ವಿಚಾರಣೆ ಆಗಬೇಕು, ಅದು ಮುಗಿಯುವ ಮೊದಲೇ ವೀಸಾದ ಗಡುವು ತೀರಿದರೆ ದೇಶ ಬಿಡಬೇಕು. ದಾರಿಯಲ್ಲಿ ಅರ್ಧಕ್ಕೆ ಬಂದವರಿಗೆ, ದಾರಿ ಬೇರೆ ಆಗಿದೆ, ಮನೆಗೆ ಹೋಗಿ ಹೊಸದಾಗಿ ಹೊರಡಿ ಅಂದ ಹಾಗಾಯಿತು. ಮೇಡಂಗೆ ಮನೆಯೇ ಇಲ್ಲವಲ್ಲ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಕಾರ್ಖಾನೆಯಲ್ಲಿ ಈ ಸುದ್ದಿ ಹರಡಿದಾಗ ಎಳ್ಳು ಕೇರುತ್ತಿದ್ದ ರೇಣವ್ವ, ಬಿಂಕದಕಟ್ಟಿಯಿಂದ ಬರುವಾಕೆ, ಮೊರ ಕೆಳಗಿಟ್ಟು ಹೇಳಿದಳು: "ನಮ್ಮೂರ ಝೂದಾಗ ಎಲ್ಲಿಂದೋ ತಂದ ಹುಲಿಗೆ ಸೈತ ಜಾಗಾ ಮಾಡಿ ಕೊಟ್ಟಾರ್ರಿ. ಹೊತ್ತಿಗೆ ಸರಿಯಾಗಿ ಮಾಂಸಾ ಹಾಕ್ತಾರ. ನಮ್ಮ ಮೇಡಂ ಬಾಯಾರಿಗೆ ಕೊಡಾಕ ಏನ ಧಾಡಿ ಬಂದೈತಿ?" ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕರು, ಆಮೇಲೆ ಹುಲಿಗೆ ಯಾವ ವೀಸಾ ಎಂದು ನನ್ನನ್ನು ಕೇಳಿದರು. ಆ ಚಳಿಗಾಲದಲ್ಲಿ ನಾವೆಲ್ಲ ಒಟ್ಟಿಗೆ ನಕ್ಕದ್ದು ಅದೇ ಕೊನೆ ಇರಬೇಕು.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ತಮ್ಮ ತಮ್ಮ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಮಾಡಿದ ಅಡಿಗೆಯನ್ನೆಲ್ಲ ಒಂದಿಷ್ಟು ಕಲಸಿ ಬೆಳೆಯ ಮೇಲೆ ಚೆಲ್ಲುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ಊಟಕ್ಕೆ ಯಾರನ್ನು ಬೇಕಾದರೂ ಕರೆಯಬಹುದು, ಆದರೆ ಚರಗ ಚೆಲ್ಲುವವರು ಹೊಲದವರೇ ಆಗಿರಬೇಕು. ಮುಂಗಾರಿಗೆ ಕಾಕಾ ತನ್ನ ಹೊಲದ ಅಂಚಿನಲ್ಲಿ ಮೇಡಂಗೆ ಒಂದು ಪಟ್ಟಿ ಬಿಟ್ಟುಕೊಟ್ಟಿದ್ದ; ಯಾವ ತಳಿಯ ಎಳ್ಳು ಹೇಗೆ ಬರುತ್ತದೆ ನೋಡಬೇಕೆಂದು ಅವರು ಬಿತ್ತಿಸಿದ್ದರು. ಎಳ್ಳು ಬಂದು ಹೋಗಿ ಈಗ ಅಲ್ಲಿ ಕಡಲೆ ನಿಂತಿತ್ತು. ಪೂಜೆ ಮುಗಿದ ಮೇಲೆ ಕಾಕಾ ಚರಗದ ಬುಟ್ಟಿಯನ್ನು ಹಿರಿಯ ಮಗನಿಗೆ ಕೊಡಲಿಲ್ಲ. ಮೇಡಂ ಮುಂದೆ ಹಿಡಿದ.

"ಈ ಸಲ ನೀನ ಚೆಲ್ಲ, ನಾದವ್ವಾ. ಇದು ನಿನ್ನ ಹೊಲಾನ ಅಂತ ತಿಳಕೋ" ಎಂದ.

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದೆ. ಮೇಡಂ ಕೈ ಅಡ್ಡ ಮಾಡಿದರು, ಅವರಿಗೆ ತಿಳಿದಿತ್ತು. ಸೀರೆ ಉಟ್ಟಿದ್ದರು, ಸೆರಗು ಜಾರುತ್ತಿತ್ತು, ಚನ್ನವ್ವ ಅದನ್ನು ಹಿಂದಿನಿಂದ ಸೊಂಟಕ್ಕೆ ಸಿಗಿಸಿದಳು. ಕಾಕಾ "ಹುಲ್ಲುಲ್ಲಿಗೋ" ಎಂದು ಚರಗದ ಕೂಗು ಹಾಕುತ್ತಾ ಮುಂದೆ ನಡೆದ, ಅವರು ಹಿಂದೆ ಹಿಂದೆ ಚೆಲ್ಲುತ್ತಾ ಹೋದರು. ಅಳುತ್ತಿದ್ದರು. ಕಾಕಾನ ಮಗ ಫೋನಿನಲ್ಲಿ ಫೋಟೋ ತೆಗೆದ. ಚನ್ನವ್ವ ಅದನ್ನು ಗದಗಿನ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ದೇವರ ಮಾಡದ ಪಕ್ಕದಲ್ಲೇ ತೂಗುಹಾಕಿದಳು.

ವಿಚಾರಣೆಗೆ ಬರುವ ಅಧಿಕಾರಿ ತುಮಕೂರು ಕಡೆಯವರು, ಬಲು ಕಟ್ಟುನಿಟ್ಟು ಎಂದು ನಾವು ಕೇಳಿದ್ದೆವು. ಅವರು ಬರುವ ದಿನ ಮುಂಚೆ ತಿಳಿಸಲಿಲ್ಲ. ನಾನು, ಮೇಡಂ ಇಬ್ಬರೂ ಎಳ್ಳು ನೋಡಲು ಸಿಂಗಟಾಲೂರಿನ ಕಡೆ ಹೋಗಿದ್ದೆವು. ಸಂಜೆ ತಿರುಗಿ ಬಂದಾಗ ಚನ್ನವ್ವ ಹೊಸ್ತಿಲಲ್ಲೇ ನಿಂತಿದ್ದಳು. ಮುಖದ ತುಂಬ ಸಂತೋಷ.

"ಸಾಹೇಬ್ರು ಬಂದಿದ್ರು. ಚಾ ಕುಡದ್ರು. ಭಾಳ ಛಲೋ ಹೇಳಿ ಕಳಿಸೇವಿ, ನೀವೇನ ಚಿಂತಿ ಮಾಡಬ್ಯಾಡ್ರಿ" ಎಂದಳು.

"ಏನ ಹೇಳಿದ್ರಿ?" ಅಂದೆ.

ಕಾಕಾ ಒಳಗಿನಿಂದ ಬಂದ. ಹೊಸ ಪಂಚೆ ಉಟ್ಟುಕೊಂಡಿದ್ದ, ಸಾಹೇಬರು ಬಂದಾಗ ಬದಲಿಸಿದ್ದಿರಬೇಕು. "ಇಕಿ ಇಲ್ಲಿ ಹೆಂಗ ಅದಾಳ, ಮಂದೀ ಕೂಡ ಹೆಂಗ ಅದಾಳ ಅಂತ ಕೇಳಿದ್ರು. ಪರದೇಶದಾಕಿ ಅಂತ ನಮಗ ಅನಸೂದs ಇಲ್ರಿ, ಹೊಲಾ ಮನಿ ಮಾಡ್ಕೊಂಡು ನಮ್ಮಾಕಿನ ಆಗ್ಯಾಳ್ರಿ ಅಂತ ಹೇಳಿದೆ. ಎಲ್ಲಾ ಬರಕೊಂಡ್ರು."

ಹೊಲಾ ಮನಿ ಮಾಡ್ಕೊಂಡಾಳ ಅಂದುಬಿಟ್ಟಿದ್ದ. ನಮ್ಮಲ್ಲಿ ಒಬ್ಬರು ಊರಿಗೆ ಹೊಂದಿಕೊಂಡರು ಅನ್ನುವುದಕ್ಕೆ ಇರುವ ಮಾತೇ ಅದು. ಹೊರಗಿನಿಂದ ಬಂದ ಮಾಸ್ತರರು, ಕಂಪೌಂಡರು, ಹತ್ತಾರು ವರ್ಷ ಇದ್ದು ಬೇರು ಬಿಟ್ಟರೆ ಹಾಗೇ ಅನ್ನುತ್ತೇವೆ, ಅವರ ಹೆಸರಿನಲ್ಲಿ ಒಂದು ಗುಂಟೆ ಇರದಿದ್ದರೂ. ಆದರೆ ಹೊರದೇಶದವರು ಇಲ್ಲಿ ಹೊಲ ಕೊಳ್ಳುವ ಹಾಗಿಲ್ಲ. ಕೊಂಡರೆ ಅಪರಾಧ. ಬರೆದುಕೊಂಡ ಸಾಹೇಬರಿಗೆ ಆ ಮಾತು ಮಾತಿನಂತೆ ಕೇಳಿರಲಿಲ್ಲ, ಸಾಕ್ಷಿಯಂತೆ ಕೇಳಿತ್ತು.

"ಮತ್ತ ಫೋಟೋನೂ ತೋರಿಸಿದೆ" ಎಂದಳು ಚನ್ನವ್ವ. "ಆಕೀ ಹೊಲದಾಗ ಆಕಿ ಚರಗಾ ಚೆಲ್ಲಿದ್ದು. ಅವರೂ ತಮ್ಮ ಫೋನಿನ್ಯಾಗ ಅದರ ಫೋಟೋ ಹೊಡಕೊಂಡ್ರು."

ನಾನು ಕಾಕಾನ ಮೇಲೆ ಹರಿಹಾಯ್ದೆ. ಇಡೀ ಓಣಿಗೆ ಕೇಳುವ ಹಾಗೆ ಕೂಗಾಡಿದೆ. ಹೊಲ ಯಾರದು, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಯಾರದು, ಹೇಳುವಾಗ ಬುದ್ಧಿ ಎಲ್ಲಿತ್ತು ಎಂದೆಲ್ಲ ಅಂದೆ. ಅವನು ಮೊದಲು ನಕ್ಕ, ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡ. ಆಮೇಲೆ ಮೇಡಂ ಮುಖ ನೋಡಿದ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಕಾಕಾ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, "ನಾ ಛಲೋದನ್ನs ಹೇಳಿದೆನಲ್ಲ" ಎಂದ. ಅಷ್ಟನ್ನೇ ಮತ್ತೆ ಮತ್ತೆ ಹೇಳಿದ.

ಪುಷ್ಯ ಮುಗಿದು ಮಾಘ ಹತ್ತಿತು. ನೋಟೀಸು ಬಂತು. ಕೃಷಿಭೂಮಿ ಹೊಂದಿರುವ ಬಗ್ಗೆ ವಿವರಣೆ ಕೊಡಬೇಕು, ಅಲ್ಲಿಯವರೆಗೆ ಪರವಾನಗಿಯ ವಿಚಾರ ನಿಲ್ಲಿಸಲಾಗಿದೆ. ವೀಸಾದ ಗಡುವು ಮಾತ್ರ ಯಾವ ವಿವರಣೆಗೂ ಕಾಯದೆ ಹತ್ತಿರ ಬರುತ್ತಿತ್ತು. ಗದಗಿನ ವಕೀಲರು ಕಾಗದ ನೋಡಿ ತಲೆ ಕೆರೆದುಕೊಂಡರು. "ಉತಾರ ಒಂದs ಸಾಲೂದಿಲ್ಲ. ಹೆಸರು ಮುದುಕಂದು, ಹೊಲಾ ಆಕೀದು ಅಂತ ಕಚೇರಿಯವರು ಅಂದ್ರ ಏನ ಮಾಡ್ತೀರಿ? ಆ ಮನಶ್ಯಾ ಕಚೇರಿಗೆ ಬಂದು, ಇಕಿಗೂ ನಮಗೂ ಬಾಡಿಗಿ ಬಿಟ್ರ ಯಾವ ಸಂಬಂಧಾನೂ ಇಲ್ಲ ಅಂತ ಸ್ವಚ್ಛ ಹೇಳಬೇಕು. ಅಂದ್ರ ದಾರಿ ಐತಿ" ಎಂದರು. ಊರಿನಲ್ಲಿ ನೆಲೆಯಾಗಿದ್ದಾರೆ ಎಂದು ತೋರಿಸಲು ಹೊರಟಿದ್ದೆವು. ಈಗ ನೆಲೆಯೇ ಇಲ್ಲ ಎಂದು ಹೇಳಿಸಬೇಕಾಗಿತ್ತು. ಆ ದಿನಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಮೇಡಂ ಮಾತ್ರ ದಿನವೂ ಕಾರ್ಖಾನೆಗೆ ಬಂದು, ಒಂದು ಚಿಟಿಕೆ ಹುರಿದ ಎಳ್ಳು ಬಾಯಿಗೆ ಹಾಕಿಕೊಂಡು ಹದ ನೋಡಿ, ತಲೆಯಾಡಿಸಿ ಹೋಗುತ್ತಿದ್ದರು. ಹೊಸ ಮಾಲು ಕೊಳ್ಳುವುದನ್ನು ನಿಲ್ಲಿಸಿದ್ದೆವು. ಚೀಲಗಳು ಕರಗುತ್ತಾ ಬಂದು ಗೋದಾಮಿನ ಗೋಡೆ ಕಾಣತೊಡಗಿತು.

ಕಾಕಾನನ್ನು ಕಾರಿನಲ್ಲಿ ಗದಗಿಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ನಾನು ಪಾಠ ಹೇಳಿಕೊಟ್ಟೆ. ಅವನು ಹೂಂ ಅನ್ನುತ್ತಿದ್ದ. ಕಚೇರಿಯಲ್ಲಿ ಅದೇ ಅಧಿಕಾರಿ. ಕೆಟ್ಟವರಲ್ಲ, ನಮಗೆಲ್ಲ ಕುರ್ಚಿ ಹಾಕಿಸಿದರು. ಕಾಕಾ ಉತಾರ ಮುಂದಿಟ್ಟ.

"ಹೆಸರು ನಿಮ್ಮದೇ ಇದೆ, ಸರಿ. ಮತ್ತೆ ಇವರ ಹೊಲ ಅಂತ ಯಾಕೆ ಹೇಳಿದ್ರಿ?" ಎಂದು ಅವರು ಕೇಳಿದರು.

"ಅದು ಮಾತ್ರೀ ಸಾಹೇಬ್ರ. ಹಂಗ ಅಂತೀವಿ ನಾವು."

"ಹಂಗಂದ್ರೆ? ಇವರು ನಿಮ್ಮವರು ಅಂತಾನೂ ಬರೆಸಿದೀರಿ. ನಿಮ್ಮವರಾ, ಅಲ್ವಾ? ಒಂದು ಹೇಳಿ."

ಕಾಕಾ ನನ್ನ ಕಡೆ ನೋಡಿದ. ನಾನು ಕಣ್ಣಿನಲ್ಲೇ ಹೇಳು ಹೇಳು ಎಂದೆ. ಮೇಡಂ ಅವನ ಪಕ್ಕದ ಕುರ್ಚಿಯಲ್ಲೇ ಇದ್ದರು, ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು. ಅವರಿಗೆ ಕನ್ನಡ ಬರದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಆಗ ಅಂದುಕೊಂಡೆ.

"ಅಲ್ರಿ" ಎಂದ ಕಾಕಾ.

"ಪೂರ್ತಿ ಹೇಳಿ, ಬರ್ಕೋಬೇಕು."

"ನಮ್ಮಾಕಿ ಅಲ್ರಿ. ಹೊರಗಿನಾಕಿ. ಬಾಡಗಿ ಕೊಡ್ತಾಳ, ಇರ್ತಾಳ. ನಾಳೆ ಹೋದ್ರ ಹೋಗ್ತಾಳ. ನಮಗೇನೂ ಆಗಬೇಕಾಗಿಲ್ಲ."

ಕೊನೆಯ ಎರಡು ಮಾತುಗಳನ್ನು ನಾನು ಹೇಳಿಕೊಟ್ಟಿರಲಿಲ್ಲ. ಸರಿಯಾಗಿ ಹೇಳಬೇಕು, ಯಾವ ಸಂಶಯವೂ ಉಳಿಯಬಾರದು ಎಂದು ಅವನೇ ಸೇರಿಸಿದ. ಈ ಸಲ ಹೆಚ್ಚುಕಡಿಮೆ ಆಗಬಾರದು ಎಂದು ಅಷ್ಟು ಹೆದರಿದ್ದ. ಅಧಿಕಾರಿ ಬರೆದುದನ್ನು ಓದಿ ಹೇಳಿದರು, ಕಾಕಾ ಸಹಿ ಮಾಡಿದ.

ಹೊರಗೆ ವರಾಂಡದಲ್ಲಿ ಮೇಡಂ ಅವನ ತೋಳು ಮುಟ್ಟಿ, "ಛಲೋ ಹೇಳಿದ್ರಿ ಕಾಕಾ" ಎಂದರು. ವ್ಯಂಗ್ಯವಲ್ಲ, ಮನಸಾರೆ ಹೇಳಿದ್ದು. ಅವನು ತೋಳು ಬಿಡಿಸಿಕೊಂಡು, ಪೇಟೆಯಲ್ಲಿ ಸ್ವಲ್ಪ ಕೆಲಸ ಐತಿ ಎಂದು ಸುಳ್ಳು ಹೇಳಿ, ಬಸ್ಸಿಗೆ ನಡೆದುಬಿಟ್ಟ. ನಮ್ಮ ಕಾರಿನಲ್ಲಿ ಬರಲಿಲ್ಲ. ಅಂದಿನಿಂದ ಮಾಳಿಗೆಯ ಮೆಟ್ಟಿಲ ಕಡೆ ಅವನು ಮುಖ ಹಾಕಲಿಲ್ಲ. ಚನ್ನವ್ವ ಫೋಟೋವನ್ನು ಗೋಡೆಯಿಂದ ಇಳಿಸಿ, ಸೀರೆಯಲ್ಲಿ ಸುತ್ತಿ, ಜೋಳದ ಚೀಲಗಳ ಹಿಂದೆ ಇಟ್ಟಳು. ಮತ್ತೆ ಯಾರಾದರೂ ಬಂದು ನೋಡಿದರೆ ಎಂಬ ಅಂಜಿಕೆ.

ಶಿವರಾತ್ರಿ ಆದ ಮೇಲೆ ಉತ್ತರ ಬಂತು. ಪರವಾನಗಿ ಇಲ್ಲ, ವೀಸಾವನ್ನೂ ಮುಂದುವರಿಸುವುದಿಲ್ಲ, ಗಡುವಿನೊಳಗೆ ದೇಶ ಬಿಡತಕ್ಕದ್ದು. ಕಾರಣ ಬರೆದಿರಲಿಲ್ಲ. ಮೊದಲು ಆಡಿದ ಮಾತಿಗೋ, ಆಮೇಲೆ ಆಡಿದ ಮಾತಿಗೋ, ಆ ಫೋಟೋಕ್ಕೋ, ಇವು ಯಾವುದಕ್ಕೂ ಅಲ್ಲದೆ ಹೊಸ ಕಾಯಿದೆಯ ಯಾವುದೋ ಕಲಮಿಗೋ, ಇವತ್ತಿಗೂ ನಮಗೆ ಗೊತ್ತಿಲ್ಲ. ವಕೀಲರು ಮೇಲಿನ ಕೋರ್ಟಿಗೆ ಹೋಗಬಹುದು ಅಂದರು, ಆದರೆ ಅದು ಮುಗಿಯುವವರೆಗೆ ಹೊರಗೇ ಇರಬೇಕು ಅಂದರು. ಹೊರಗೆ ಅಂದರೆ ಎಲ್ಲಿ? ಸೈಪ್ರಸ್‌ನಲ್ಲಿ ದೂರದ ಸಂಬಂಧದ ತಂಗಿಯೊಬ್ಬಳು ಇದ್ದಳಂತೆ. ಅಲ್ಲಿಯೂ ಪ್ರವಾಸಿಯಾಗಿ ಕೆಲವು ವಾರ ಇರಬಹುದು, ಅಷ್ಟೇ. ಇದನ್ನು ಹೇಳುವಾಗ ಮೇಡಂ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದರು. "ಮುಂದ ಏನ ಮಾಡ್ಲಿ, ನೀನ ಹೇಳ" ಎಂದರು.

ಹೊರಡುವ ದಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕಾರ್ಖಾನೆಯ ಹೆಣ್ಣುಮಕ್ಕಳೆಲ್ಲ ಕಳಸಾಪುರಕ್ಕೆ ಬಂದಿದ್ದರು. ಚನ್ನವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಮೇಡಂ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ. ಅವರು ಎರಡು ಸೀರೆ ತೆಗೆದಿಟ್ಟು ರೊಟ್ಟಿ ಇಟ್ಟುಕೊಂಡರು. ಕಾಕಾ ಕಾಣಲಿಲ್ಲ. ಬೆಳಿಗ್ಗೆಯೇ ಹೊಲಕ್ಕೆ ಹೋದ ಎಂದರು. ಹುಬ್ಬಳ್ಳಿಗೆ ಹೋಗುವ ಕಾರು ಊರು ಬಿಟ್ಟು ಸ್ವಲ್ಪ ದೂರ ಬಂದಾಗ, ಮೇಡಂ ನಿಲ್ಲಿಸಲು ಹೇಳಿದರು.

ಕಡಲೆ ಕಿತ್ತ ಹೊಲ ಬರಿದಾಗಿತ್ತು. ಕಾಕಾ ಒಬ್ಬನೇ ಬಗ್ಗಿ ಕಸ ಆರಿಸುತ್ತಿದ್ದ. ಆ ಹೊಲದಲ್ಲಿ ಆರಿಸುವಂಥ ಕಸವೇನೂ ಇರಲಿಲ್ಲ. ಮೇಡಂ ಬದುವಿನ ಮೇಲೆ ಬಂದು, ಚಪ್ಪಲಿ ಕಳಚಿ, ಅಲ್ಲೇ ನಿಂತರು.

"ಕಾಕಾ, ಒಳಗ ಬರಬಹುದೇನ್ರಿ?" ಎಂದರು.

ಅವನು ತಲೆ ಎತ್ತಿದ.

"ಯಾರರೆ ನೋಡಿದ್ರ ನಿಮಗ ತ್ರಾಸ ಆಗ್ತೈತಿ. ಅದಕ್ಕ ಕೇಳಿದೆ" ಎಂದರು.

ಕಾಕಾ ಕೈಯಲ್ಲಿದ್ದ ಕಡಲೆಯ ಒಣ ಕಡ್ಡಿಯನ್ನು ಬಿಡದೆ ಹೊಲದ ನಡುವೆ ಕುಂತುಬಿಟ್ಟ, ಟವೆಲ್ಲು ಮುಖದ ಮೇಲೆ ಎಳೆದುಕೊಂಡ. ಮೇಡಂ ಅವನ ಉತ್ತರಕ್ಕೆ ಕಾಯುತ್ತಾ ನಿಂತೇ ಇದ್ದರು, ಬಾಗಿಲಲ್ಲಿ ನಿಂತ ಪರಸ್ಥಳದವರ ಹಾಗೆ. ರಸ್ತೆಯಿಂದ ಡ್ರೈವರ್ ಹಾರ್ನ್ ಹೊಡೆದ. ಅವರು ಚಪ್ಪಲಿ ಮೆಟ್ಟಿಕೊಂಡು ಹಿಂದಕ್ಕೆ ತಿರುಗಿದರು; ಹೊಲದೊಳಗೆ ಕಾಲಿಡಲಿಲ್ಲ.